ಅಪ್ಪನ ಸೈಟು, ಮಕ್ಕಳ ಇಎಂಐ: ಮನೆ ಮತ್ತು ನಿವೃತ್ತಿಯ ಲೆಕ್ಕವನ್ನು ಒಟ್ಟಿಗೆ ಹಾಕುವ ಕ್ರಮ

"ಮೊದಲು ಒಂದು ಮನೆ ಮಾಡ್ಕೋ, ಉಳಿದದ್ದು ತಾನಾಗೇ ಆಗುತ್ತೆ." ಕೆಲಸಕ್ಕೆ ಸೇರಿದ ಮಕ್ಕಳಿಗೆ ಈ ಮಾತು ಹೇಳದ ಹಿರಿಯರು ಕಡಿಮೆ. 1980ರ ದಶಕದಲ್ಲಿ ಬಿಡಿಎ ಸೈಟನ್ನೋ ಗೃಹ ನಿರ್ಮಾಣ ಸಹಕಾರ ಸಂಘದ ಸೈಟನ್ನೋ ಪಡೆದು, ಇಲಾಖೆಯ ಗೃಹ ನಿರ್ಮಾಣ ಮುಂಗಡ ಎತ್ತಿ, ಮೊದಲು ಎರಡು ಕೋಣೆ, ಹತ್ತು ವರ್ಷ ಬಿಟ್ಟು ಮೇಲೊಂದು ಮಹಡಿ ಎಂದು ಕಟ್ಟಿಕೊಂಡವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ತಾನಾಗೇ ಆದ ಆ "ಉಳಿದದ್ದು" ಪಿಂಚಣಿ. ಕೈಗೆ ಬಂದ ದುಡ್ಡನ್ನೆಲ್ಲ ಇಟ್ಟಿಗೆ-ಸಿಮೆಂಟಿಗೆ ಹಾಕುವ ಧೈರ್ಯ ಬಂದದ್ದು ಅದರಿಂದಲೇ. ಈಗಿನ ಖಾಸಗಿ ನೌಕರ ಅಪ್ಪನ ಸೂತ್ರದಲ್ಲಿ ಮನೆ ಎಂಬ ಅರ್ಧವನ್ನು ಮಾತ್ರ ನಕಲು ಮಾಡುತ್ತಾನೆ, ಪಿಂಚಣಿ ಎಂಬ ಅರ್ಧ ಅವನಿಗಿಲ್ಲ. ಹಾಗಾಗಿ ಲೆಕ್ಕದ ಕ್ರಮವನ್ನು ತಿರುಗಿಸಬೇಕು: ಮೊದಲು ನಿವೃತ್ತಿಯ ಹಣ ಎಷ್ಟು ಬೇಕೆಂದು ಬರೆದುಕೊಂಡು, ಅದನ್ನು ಕಳೆದ ಮೇಲೆ ಎಷ್ಟು ದೊಡ್ಡ ಮನೆ ಎಂದು ನೋಡುವುದು.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಅಪ್ಪ-ಅಮ್ಮನ ಲೆಕ್ಕ, ಬಲಗಡೆ ನಿಮ್ಮದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು.

ಅಪ್ಪನ ಪಿಂಚಣಿಗೆ ಬೆಲೆ ಕಟ್ಟಿ

ಅಪ್ಪನ ಆಸ್ತಿ ಏನೇನು ಎಂದು ಕೇಳಿದರೆ ಮನೆ, ಠೇವಣಿ, ಒಂದಿಷ್ಟು ಚಿನ್ನ ಎನ್ನುತ್ತಾರೆ. ಪಿಂಚಣಿಯನ್ನು ಯಾರೂ ಸೇರಿಸುವುದಿಲ್ಲ. ತಿಂಗಳಿಗೆ 40,000 ರೂಪಾಯಿ ಪಿಂಚಣಿ ಎಂದುಕೊಳ್ಳಿ, ವರ್ಷಕ್ಕೆ 4.8 ಲಕ್ಷ. ನೂರಕ್ಕೆ 6.5ರಂತೆ ಕೊಡುವ ವರ್ಷಾಶನ ಯೋಜನೆಯಿಂದ (ಒಂದೇ ಸಲ ಗಂಟು ಕಟ್ಟಿದರೆ ಬದುಕಿರುವವರೆಗೆ ಹಣ ಕೊಡುವ ಯೋಜನೆ) ಇಷ್ಟೇ ಬರಬೇಕಾದರೆ ಸುಮಾರು 74 ಲಕ್ಷ ಕಟ್ಟಬೇಕು. ಆ ವರ್ಷಾಶನ ಸಾಯುವ ತನಕ ಏರದೆ ಅಷ್ಟರಲ್ಲೇ ಇರುತ್ತದೆ. ಅಪ್ಪನದಕ್ಕೆ ತುಟ್ಟಿಭತ್ಯೆ ಏರುತ್ತಾ ಹೋಗುತ್ತದೆ, ಅವರ ನಂತರ ಅಮ್ಮನಿಗೆ ಕುಟುಂಬ ಪಿಂಚಣಿಯೂ ಇದೆ. ಆದ್ದರಿಂದ ಒಂದು ಕೋಟಿಗೆ ಕಡಿಮೆ ಬರೆಯಬೇಡಿ. ಎಷ್ಟೋ ಮನೆಗಳಲ್ಲಿ ಇದು ಸೈಟಿಗೆ ಸಮನಾದ ಆಸ್ತಿ.

ಈ ಬಾಗಿಲು ಮುಚ್ಚಿದ ದಿನಾಂಕಗಳು ಸ್ಪಷ್ಟವಾಗಿವೆ. ಕೇಂದ್ರ ಸರ್ಕಾರಕ್ಕೆ 2004ರ ಜನವರಿ 1ರಿಂದ, ಕರ್ನಾಟಕ ಸರ್ಕಾರಕ್ಕೆ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್‌ಗೆ (ಸಂಬಳದಿಂದ ಕಡಿತವಾದ ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸುವ ಪಿಂಚಣಿ ಯೋಜನೆ) ಬರುತ್ತಾರೆ. ಅಪ್ಪ ಸರ್ಕಾರಿ ನೌಕರರಲ್ಲದೆ ಕಾರ್ಖಾನೆಯಲ್ಲೋ ಖಾಸಗಿ ಕಂಪನಿಯಲ್ಲೋ ಇದ್ದವರಾದರೆ ಅವರಿಗೆ ಬರುವುದು 1995ರ ನೌಕರರ ಪಿಂಚಣಿ ಯೋಜನೆಯ ಎರಡು-ಮೂರು ಸಾವಿರ ಇರಬಹುದು. ಆಗ ಎಡಗಡೆಯ ಲೆಕ್ಕವೇ ಬೇರೆ: ಅವರ ತಿಂಗಳ ಖರ್ಚಿನ ಒಂದು ಪಾಲು ನಿಮ್ಮ ಕಡೆಗೆ ಬರುತ್ತದೆ. ನಾಚಿಕೆ ಬಿಟ್ಟು ಅದನ್ನೂ ಬರೆಯಿರಿ.

ಅಪ್ಪ-ಅಮ್ಮನ ಹತ್ತಿರ ಠೇವಣಿ ಇದ್ದರೆ ಅದು ಎಲ್ಲಿದೆ ನೋಡಿ. ಊರಿನ ಸೊಸೈಟಿಯಲ್ಲಿ ಹೆಚ್ಚು ಬಡ್ಡಿಯ ಆಸೆಗೆ ಇಟ್ಟಿದ್ದರೆ ಮೊದಲು ಅದನ್ನು ಬಿಡಿಸಿ. ಬ್ಯಾಂಕ್ ಠೇವಣಿಗಿರುವ 5 ಲಕ್ಷದವರೆಗಿನ ವಿಮೆ ಸೊಸೈಟಿಗೆ ಇಲ್ಲ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬೊಬ್ಬರಿಗೆ 30 ಲಕ್ಷದವರೆಗೆ ಇಡಬಹುದು. 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಕಾರ್ಡ್ ಸಿಗುತ್ತದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹತ್ತಿರದ ಯಾವ ಆಸ್ಪತ್ರೆ ಅದನ್ನು ಒಪ್ಪುತ್ತದೆ ಎಂದು ಈಗಲೇ ವಿಚಾರಿಸಿಡಿ, ತುರ್ತಿನ ರಾತ್ರಿ ಅಲ್ಲ.

ನಿಮ್ಮ ಪಿಎಫ್ ಪಾಸ್‌ಬುಕ್ ತೆರೆಯಿರಿ

ಈಗ ಬಲಗಡೆ. ಮೂಲವೇತನದ ನೂರಕ್ಕೆ 12 ನಿಮ್ಮಿಂದ ಕಡಿತವಾಗುತ್ತದೆ, ಕಂಪನಿಯೂ 12 ಕೊಡುತ್ತದೆ. ಕಂಪನಿಯ ಪಾಲಿನಲ್ಲಿ 8.33 ಭಾಗ ಪಿಂಚಣಿ ನಿಧಿಗೆ ಹೋಗುತ್ತದೆ, ಆದರೆ 15,000 ರೂಪಾಯಿ ಸಂಬಳದ ಮಿತಿಗೆ ಲೆಕ್ಕ ಹಾಕಿ. ಅದಕ್ಕೇ ಪಾಸ್‌ಬುಕ್ಕಿನ ಪಿಂಚಣಿ ಅಂಕಣದಲ್ಲಿ ತಿಂಗಳು ತಿಂಗಳೂ ಅದೇ 1,250 ಕಾಣುವುದು.

ಆ 1,250ರಿಂದ ಕೊನೆಗೆ ಎಷ್ಟು ಸಿಗುತ್ತದೆ? ಸೂತ್ರ ಇದು: ಪಿಂಚಣಿಗೆ ಲೆಕ್ಕವಾಗುವ ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. 20 ವರ್ಷ ಮೀರಿದವರಿಗೆ ಎರಡು ವರ್ಷ ಹೆಚ್ಚುವರಿ ಸೇರುತ್ತದೆ. 30 ವರ್ಷ ದುಡಿದರೆ 15,000 × 32 ÷ 70, ಅಂದರೆ 6,857 ರೂಪಾಯಿ. 2014ರ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ ಮಿತಿ 6,500 ಇದ್ದದ್ದರಿಂದ ಹಳಬರಿಗೆ ಇದಕ್ಕಿಂತ ಕಡಿಮೆ. ಅಪ್ಪನ 40,000ದ ಪಕ್ಕದಲ್ಲಿ ಈ ಅಂಕಿಯನ್ನು ಬರೆದರೆ ಎರಡು ತಲೆಮಾರಿನ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಕೆಲಸಕ್ಕೆ ಸೇರಿ, ಮೂಲವೇತನ 15,000 ಮೀರಿದ್ದವರಿಗೆ ಇಷ್ಟೂ ಇಲ್ಲ. ಪೂರ್ತಿ ಹಣ ಪಿಎಫ್‌ಗೇ ಹೋಗಬೇಕು. ಅಂಥವರ ಪಾಸ್‌ಬುಕ್ಕಿನಲ್ಲಿ 1,250 ಕಂಡರೆ ಕಂಪನಿ ತಪ್ಪಾಗಿ ಕಟ್ಟುತ್ತಿದೆ ಎಂದರ್ಥ. ಮುಂದೆ ಹಣ ತೆಗೆಯುವಾಗ ಅರ್ಜಿ ತಿರಸ್ಕಾರವಾಗುವುದು ಇಂಥದ್ದಕ್ಕೇ, ಈಗಲೇ ಎಚ್‌ಆರ್‌ಗೆ ಬರೆಯಿರಿ.

ಪಾಸ್‌ಬುಕ್ ತೆರೆದಾಗ ಇನ್ನೂ ಮೂರು ಕಡೆ ಕಣ್ಣಾಡಿಸಿ. ಹಳೆಯ ಕಂಪನಿ ಬಿಟ್ಟ ದಿನಾಂಕ ನಮೂದಾಗಿದೆಯೇ? ಇಲ್ಲದಿದ್ದರೆ ವರ್ಗಾವಣೆ ಮುಂದಕ್ಕೆ ಹೋಗುವುದಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗುತ್ತವೆಯೇ? ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಇದರಿಂದಲೇ ಬಹಳ ಅರ್ಜಿಗಳು ವಾಪಸ್ ಬರುತ್ತವೆ. ಹಳೆಯ ಕಂಪನಿ ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತಿದ್ದರೆ (ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಲ್ಲಿ ಇದು ಸಾಮಾನ್ಯ) ಹಣದ ಜೊತೆ ಸೇವಾವಧಿಯ ವಿವರವಿರುವ "ಅನೆಕ್ಷರ್ ಕೆ" ಬಂದಿದೆಯೇ? ಹಣ ಬಂದು ಈ ಕಾಗದ ಬರದಿದ್ದರೆ ಆ ವರ್ಷಗಳು ಪಿಂಚಣಿಯ ಲೆಕ್ಕದಿಂದ ಬಿಟ್ಟುಹೋಗುವ ಅಪಾಯವಿದೆ. 10 ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ.

ಕೆಲಸ ಬದಲಿಸಿದಾಗ ಪಿಎಫ್ ತೆಗೆದು ಕಾರು ಕೊಳ್ಳುವುದು ಈ ತಲೆಮಾರಿನ ದೊಡ್ಡ ಸೋರಿಕೆ. ಸೇವೆ ಒಟ್ಟು ಐದು ವರ್ಷ ಆಗುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ಅಪ್ಪನ ಕಾಲದಲ್ಲಿ ಪಿಎಫ್‌ಗೆ ನೂರಕ್ಕೆ 12 ಬಡ್ಡಿ ಇತ್ತು, 1989-90ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ. ಪಿಪಿಎಫ್‌ಗೂ 12 ಇತ್ತು. ಇವತ್ತು ಪಿಪಿಎಫ್ 7.1, ಪಿಎಫ್ 2024-25ಕ್ಕೆ 8.25. "ಪೋಸ್ಟಾಫೀಸಲ್ಲಿ ಹಾಕು, ಸಾಕು" ಎಂಬ ಸಲಹೆ ಆ 12ರ ಕಾಲದ್ದು.

ಎಷ್ಟು ಬೇಕು

ವಯಸ್ಸು 35, ಬಾಡಿಗೆ, ಇಎಂಐ, ಮಕ್ಕಳ ಫೀಸು ಬಿಟ್ಟು ಮನೆಖರ್ಚು ತಿಂಗಳಿಗೆ 50,000 ಎಂದಿಟ್ಟುಕೊಳ್ಳೋಣ. ನೂರಕ್ಕೆ 6ರ ಬೆಲೆಏರಿಕೆಯಲ್ಲಿ 25 ವರ್ಷಕ್ಕೆ ಅದು 4.29 ಪಟ್ಟು, ತಿಂಗಳಿಗೆ 2.15 ಲಕ್ಷ, ವರ್ಷಕ್ಕೆ 25.75 ಲಕ್ಷ. ಅದರ 25 ಪಟ್ಟು ಗಂಟು ಇರಲಿ ಎನ್ನುವುದು ಒರಟು ಲೆಕ್ಕ: 6.4 ಕೋಟಿ. ಅಂಕಿ ನೋಡಿ ಹೆದರಬೇಡಿ, ಅವು 25 ವರ್ಷದಾಚೆಯ ರೂಪಾಯಿಗಳು.

ಮೂಲವೇತನ 40,000 ಇದ್ದರೆ ಪಿಎಫ್‌ಗೆ ತಿಂಗಳಿಗೆ ನಿಮ್ಮ 4,800, ಕಂಪನಿಯ 3,550, ಒಟ್ಟು 8,350 ಸೇರುತ್ತದೆ. ಸಂಬಳ ವರ್ಷಕ್ಕೆ 6 ಏರಿ, ಬಡ್ಡಿ 8.25ರಲ್ಲೇ ನಿಂತರೆ 60ಕ್ಕೆ 1.35 ಕೋಟಿಯ ಆಸುಪಾಸು. ಉಳಿದ 5 ಕೋಟಿಗೆ, ನೂರಕ್ಕೆ 10 ಬೆಳೆಯುತ್ತದೆಂದು ಹಿಡಿದರೆ, ಈ ತಿಂಗಳಿಂದಲೇ 24-25 ಸಾವಿರ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ಕಟ್ಟುವ ತಿಂಗಳ ಕಂತು) ಶುರುವಾಗಿ, ಅದೂ ಪ್ರತಿವರ್ಷ ನೂರಕ್ಕೆ 6 ಹೆಚ್ಚಾಗಬೇಕು. ಐದು ವರ್ಷ ತಡ ಮಾಡಿ 40ಕ್ಕೆ ಶುರು ಮಾಡಿದರೆ ಮೊದಲ ಕಂತೇ 45 ಸಾವಿರ. "ಮೊದಲು ಮನೆ ಆಗ್ಲಿ" ಎಂದು ಮುಂದೂಡಿದ ಆ ಐದು ವರ್ಷದ ಬೆಲೆ ಇದು. ಸೈಟಿನ ಬೆಲೆ ಎಷ್ಟು ಏರಿತು ಎಂದು ಎಲ್ಲರೂ ಲೆಕ್ಕ ಇಡುತ್ತಾರೆ, ಇದನ್ನು ಯಾರೂ ಇಡುವುದಿಲ್ಲ.

ಆಮೇಲೆ ಮನೆ

80 ಲಕ್ಷದ, ಸ್ವಾಧೀನಾನುಭವ ಪತ್ರ (ಒಸಿ) ಸಿಕ್ಕಿರುವ ಫ್ಲ್ಯಾಟ್ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ 30 ಲಕ್ಷದವರೆಗಾದರೆ ಮನೆ ಬೆಲೆಯ ನೂರಕ್ಕೆ 90, 75 ಲಕ್ಷದವರೆಗೆ 80, ಅದಕ್ಕೆ ಮೇಲೆ 75. ಇಲ್ಲಿ 64 ಲಕ್ಷ ಸಿಗುತ್ತದೆ, 16 ಲಕ್ಷ ಕೈಯಿಂದ. ನೋಂದಣಿ ಖರ್ಚನ್ನು ಬ್ಯಾಂಕ್ ಮನೆಬೆಲೆಗೆ ಸೇರಿಸುವುದಿಲ್ಲ. ಬೆಂಗಳೂರಿನಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ನೂರಕ್ಕೆ 5.6, ಜೊತೆಗೆ 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ 2, ಒಟ್ಟು 7.6: ಇನ್ನೊಂದು 6.08 ಲಕ್ಷ. ವಾರ್ಡ್‌ರೋಬು, ಅಡುಗೆಮನೆ ಕಪಾಟು, ಗ್ರಿಲ್, ಗೀಸರ್ ಎಂದು 6-8 ಲಕ್ಷ. ಅಲ್ಲಿಗೆ 28-30 ಲಕ್ಷ ಕೈಯಲ್ಲಿರಬೇಕು. ಕಟ್ಟಡ ಇನ್ನೂ ಏಳುತ್ತಿದ್ದರೆ ನೂರಕ್ಕೆ 5 ಜಿಎಸ್‌ಟಿ, ಮತ್ತೆ 4 ಲಕ್ಷ. ಈ 30 ಲಕ್ಷ ಹೊಂದಿಸಲು ಪಿಎಫ್ ಬರಿದು ಮಾಡಿ, ಅಮ್ಮನ ಒಡವೆ ಅಡವಿಟ್ಟು, ಮೇಲೊಂದು ಪರ್ಸನಲ್ ಲೋನ್ ಎತ್ತುವುದಾದರೆ ಆ ಮನೆ ನಿಮ್ಮ ಅಳತೆಯದ್ದಲ್ಲ.

ನೂರಕ್ಕೆ 8ರ ಬಡ್ಡಿಯಲ್ಲಿ 64 ಲಕ್ಷಕ್ಕೆ 20 ವರ್ಷದ ಇಎಂಐ 53,532. ಮೊದಲ ತಿಂಗಳು ಅದರಲ್ಲಿ ಬಡ್ಡಿಯೇ 42,667, ಅಸಲಿಗೆ ಹೋಗುವುದು 10,865. ಒಟ್ಟು ಕಟ್ಟುವುದು 1.28 ಕೋಟಿ. ಈ ಇಎಂಐ ಮತ್ತು ಹಿಂದೆ ಹೇಳಿದ ಎಸ್‌ಐಪಿಯ 25,000 ಸೇರಿ 78,500, ಮನೆಖರ್ಚು 50,000. ಗಂಡ-ಹೆಂಡತಿ ಇಬ್ಬರದೂ ಸೇರಿ ಕೈಗೆ ಬರುವುದು 1.5 ಲಕ್ಷಕ್ಕೆ ಕಡಿಮೆ ಇದ್ದರೆ, ಮಗುವಿನ ಫೀಸು ಬಂದ ತಿಂಗಳೇ ಎಸ್‌ಐಪಿ ನಿಲ್ಲುತ್ತದೆ. ಆಗ ಇಳಿಸಬೇಕಾದ್ದು ಎಸ್‌ಐಪಿಯನ್ನಲ್ಲ, ಮನೆಯ ಬೆಲೆಯನ್ನು. 55 ಲಕ್ಷದ್ದನ್ನು ನೋಡಿ, ಇಲ್ಲವೇ ಇನ್ನೂ ಮೂರು ವರ್ಷ ಬಾಡಿಗೆಗಿರಿ. ಬಾಡಿಗೆಮನೆಯಲ್ಲಿರುವುದು ಅವಮಾನ ಎನ್ನುವ ಅತ್ತೆ-ಮಾವಂದಿರಿಗೆ ಈ ಹಾಳೆ ತೋರಿಸಬಹುದು, ಒಪ್ಪುತ್ತಾರೆಂಬ ಭರವಸೆ ಮಾತ್ರ ಕೊಡಲಾಗದು.

"ಸಾಲ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ" ಎನ್ನುವುದೂ ಹಳತಾಯಿತು. ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಅದಿಲ್ಲ. ಅಲ್ಲಿ ಉಳಿದಿರುವ ದೊಡ್ಡ ದಾರಿ ಎಂದರೆ ಕಂಪನಿಯೇ ನಿಮ್ಮ ಹೆಸರಿನಲ್ಲಿ ಎನ್‌ಪಿಎಸ್‌ಗೆ ಕಟ್ಟುವ, ಮೂಲವೇತನದ ನೂರಕ್ಕೆ 14ರವರೆಗಿನ ಮೊತ್ತ. ಸಂಬಳದ ರಚನೆಯಲ್ಲಿ ಇದನ್ನು ಸೇರಿಸಿ ಎಂದು ಎಚ್‌ಆರ್‌ಗೆ ಕೇಳಬೇಕು, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಸಾಲ ತೆಗೆದುಕೊಂಡ ಮೇಲೆ ವರ್ಷಕ್ಕೊಂದು ಇಎಂಐ ಹೆಚ್ಚು ಕಟ್ಟಿದರೆ 20 ವರ್ಷದ ಸಾಲ ಗಡುವಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ತೀರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಬಡ್ಡಿ ಏರಿದಾಗ ಬ್ಯಾಂಕ್ ಸಾಮಾನ್ಯವಾಗಿ ಇಎಂಐ ಮುಟ್ಟದೆ ಅವಧಿಯನ್ನು ಉದ್ದ ಮಾಡುತ್ತದೆ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಜನರ ಸಾಲ ನಿವೃತ್ತಿಯ ವಯಸ್ಸನ್ನೂ ದಾಟಿತು, ನೋಡಿಕೊಂಡವರು ಕಡಿಮೆ. ಇಎಂಐ ಏರಿಸುವುದೋ ಅವಧಿ ಏರಿಸುವುದೋ ಎಂದು ಆರಿಸುವ ಹಕ್ಕು ನಿಮಗಿದೆ. ಪ್ರತಿ ಏಪ್ರಿಲ್‌ನಲ್ಲಿ ಸಾಲದ ಸ್ಟೇಟ್‌ಮೆಂಟ್ ತೆಗೆದು ಕೊನೆಯ ಕಂತಿನ ತಿಂಗಳು ನೋಡಿ. ಆಗ ನಿಮಗೆ 55 ದಾಟಿರುತ್ತದೆ ಎಂದಾದರೆ ಇಎಂಐ ಏರಿಸಿ.

ಎರಡನೇ ಫ್ಲ್ಯಾಟಿನ ಬಾಡಿಗೆಯನ್ನೇ ಪಿಂಚಣಿ ಮಾಡಿಕೊಳ್ಳುವ ಯೋಚನೆಗೂ ಇದೇ ಹಾಳೆಯಲ್ಲಿ ಉತ್ತರವಿದೆ. 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 24,000 ಬಾಡಿಗೆ ಬಂದರೆ, ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದು 2.64 ಲಕ್ಷ. ನಿರ್ವಹಣೆಗೆ ತಿಂಗಳಿಗೆ 4,000, ಆಸ್ತಿತೆರಿಗೆ 6,000 ಕಳೆದರೆ 2.1 ಲಕ್ಷ, ಹಾಕಿದ ಹಣಕ್ಕೆ ನೂರಕ್ಕೆ 2.6. ಅಪ್ಪನ ಮೂವತ್ತು-ನಲವತ್ತು ಸೈಟು ಪೂರ್ತಿ ನೆಲ, 1,200 ಚದರಡಿ. ಫ್ಲ್ಯಾಟಿನಲ್ಲಿ ನಿಮ್ಮದು ಕ್ರಯಪತ್ರದಲ್ಲಿ ಬರೆದಿರುವ ಅವಿಭಜಿತ ನೆಲದ ಪಾಲು ಮಾತ್ರ, ಹಲವು ಕಡೆ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಬೆಲೆ ಏರುವುದು ನೆಲಕ್ಕೆ, ಕಟ್ಟಡ ಸವೆಯುತ್ತಾ ಹೋಗುತ್ತದೆ. ಹಾಗಾಗಿ ಅಪ್ಪನ ಸೈಟು ಎಷ್ಟು ಪಟ್ಟಾಯಿತು ಎಂಬ ಲೆಕ್ಕವನ್ನು ಫ್ಲ್ಯಾಟಿಗೆ ಹಚ್ಚಬಾರದು. ಹಾಗೆಂದು ಅಗ್ಗಕ್ಕೆ ಸಿಗುವ ರೆವಿನ್ಯೂ ಸೈಟಿಗೆ (ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಓಡಬೇಡಿ. ಭೂಪರಿವರ್ತನೆ ಆದೇಶ, ಮಂಜೂರಾದ ಬಡಾವಣೆ ನಕ್ಷೆ, ಇ-ಖಾತಾ ಮೂರೂ ಇಲ್ಲದಿದ್ದರೆ ಬ್ಯಾಂಕ್ ಸಾಲವೂ ಕಷ್ಟ, ಮುಂದೆ ಮಾರುವುದೂ ಕಷ್ಟ.

ಅಪ್ಪನ ಮನೆ ಯಾವ ಅಂಕಣಕ್ಕೆ?

ಹೆಚ್ಚಿನವರು ತಪ್ಪುವುದು ಇಲ್ಲಿ. "ಹೇಗೂ ಅಪ್ಪನ ಮನೆ ಇದೆಯಲ್ಲ" ಎಂದು ಅದನ್ನು ತಮ್ಮ ಮನೆಯ ಅಂಕಣಕ್ಕೆ ಸೇರಿಸಿಕೊಳ್ಳುತ್ತಾರೆ. ಅಪ್ಪ-ಅಮ್ಮ 85-90ರವರೆಗೆ ಬದುಕಿದರೆ ಆ ಮನೆ ಕೈಗೆ ಬರುವಾಗ ನಿಮಗೂ 55-60. ಆದ್ದರಿಂದ ಅದನ್ನು ನಿವೃತ್ತಿಯ ಅಂಕಣದಲ್ಲಿ ಬರೆಯಿರಿ, ಅದೂ ನಿಮ್ಮ ಪಾಲನ್ನಷ್ಟೇ. 1.5 ಕೋಟಿಯ ಮನೆಗೆ ಮೂವರು ಮಕ್ಕಳಿದ್ದರೆ ತೆರಿಗೆಗೆ ಮುಂಚೆ 50 ಲಕ್ಷ.

ಪಾಲು ಎಂದಾಗ ಹೆಣ್ಣುಮಕ್ಕಳನ್ನು ಬಿಟ್ಟು ಎಣಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಗೆ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕಿದೆ. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ವಯಾರ್ಜಿತವಾಗಿದ್ದು ತಂದೆ ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಇದ್ದರೆ ಅವರೂ, ಎಲ್ಲರಿಗೂ ಸಮಪಾಲು. "ಅಕ್ಕನ ಮದುವೆಗೆ ಆಗಲೇ ಖರ್ಚು ಮಾಡಿದ್ದೀವಿ" ಎಂಬ ಮಾತು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ. ಅಕ್ಕ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಅದಿಲ್ಲದ ಮನೆಯನ್ನು ಕೊಳ್ಳುವವರ ವಕೀಲರು ವಂಶವೃಕ್ಷ ನೋಡಿದ ಕೂಡಲೇ ಹಿಂದಕ್ಕೆ ಕಳಿಸುತ್ತಾರೆ.

ಅಪ್ಪ ಇರುವಾಗಲೇ ಒಂದು ಫೈಲು ಮಾಡಿ. ಅದರಲ್ಲಿ ಮೂಲ ಕ್ರಯಪತ್ರ (ಬಿಡಿಎ ಸೈಟಾದರೆ ಹಂಚಿಕೆ ಪತ್ರ, ಗುತ್ತಿಗೆ-ಕ್ರಯ ಕರಾರು, ಸ್ವಾಧೀನ ಪತ್ರ, ಕೊನೆಯ ಶುದ್ಧ ಕ್ರಯಪತ್ರ), ಖಾತಾ, ಇ-ಖಾತಾ, ತೆರಿಗೆ ರಸೀದಿಗಳು, ಋಣಭಾರ ಪತ್ರ, ಕಟ್ಟಡದ ಮಂಜೂರಾದ ನಕ್ಷೆ ಇರಲಿ. ಗುತ್ತಿಗೆ-ಕ್ರಯದ (ಮೊದಲು ಗುತ್ತಿಗೆ, ಅವಧಿ ಮುಗಿದ ಮೇಲೆ ಕ್ರಯ) ಅವಧಿ ಮುಗಿದು ದಶಕ ಕಳೆದರೂ ಶುದ್ಧ ಕ್ರಯಪತ್ರ ಮಾಡಿಸದ ಸೈಟುಗಳಿವೆ. ಅಪ್ಪ ಸಹಿ ಹಾಕುವಂತಿರುವಾಗಲೇ ಅದನ್ನು ಮುಗಿಸಿ. 1990ರ ದಶಕದ ಗೃಹಸಾಲ ತೀರಿದ್ದರೂ ಅಡಮಾನ ಬಿಡುಗಡೆ ಪತ್ರ ನೋಂದಣಿಯಾಗದೆ ಋಣಭಾರ ಪತ್ರದಲ್ಲಿ ಸಾಲ ಹಾಗೇ ಕಾಣುತ್ತಿರಬಹುದು, ಅದನ್ನೂ ನೋಡಿ.

ದಾನಪತ್ರವೋ ಉಯಿಲೋ? ಕರ್ನಾಟಕದಲ್ಲಿ ಹತ್ತಿರದ ಸಂಬಂಧಿಕರೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಅಗ್ಗವೆಂದು ಮಕ್ಕಳು ಅವಸರ ಮಾಡುತ್ತಾರೆ. ದಾನಪತ್ರ ನೋಂದಣಿಯಾದ ದಿನವೇ ಮನೆ ಅಪ್ಪ-ಅಮ್ಮನ ಕೈ ಬಿಡುತ್ತದೆ; ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಿರಿಯರ ಪರವಾಗಿ ನೋಡಿದರೆ ಉಯಿಲೇ ಸರಿ. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ದಾನಪತ್ರವೇ ಆಗಬೇಕೆಂದರೆ, ಅಪ್ಪ-ಅಮ್ಮ ಇಬ್ಬರೂ ಬದುಕಿರುವವರೆಗೆ ಅಲ್ಲೇ ವಾಸಿಸುವ ಹಕ್ಕು ಅವರದು, ಮಕ್ಕಳು ಅವರ ಯೋಗಕ್ಷೇಮ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯ್ದೆಯಡಿ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ದಾನವನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ರದ್ದು ಮಾಡಿಸಬಹುದು, ಆದರೆ ಷರತ್ತು ಬರಹದಲ್ಲಿಲ್ಲದಿದ್ದರೆ ವಾದ ಕಷ್ಟವಾಗುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆಸಿದ ಮಾತ್ರಕ್ಕೆ ಆತ ಹಣದ ಒಡೆಯನಾಗುವುದಿಲ್ಲ, ವಾರಸುದಾರರ ಪರವಾಗಿ ಪಡೆಯುವವನಷ್ಟೇ.

ಮನೆ ದೊಡ್ಡದು, ಕೈಯಲ್ಲಿ ಕಾಸಿಲ್ಲ ಎಂಬ ಹಿರಿಯರಿಗೆ ರಿವರ್ಸ್ ಮಾರ್ಟ್‌ಗೇಜ್ ಇದೆ: ಅಲ್ಲೇ ವಾಸವಿದ್ದು ಮನೆ ಮೇಲೆ ಬ್ಯಾಂಕಿನಿಂದ ತಿಂಗಳ ಹಣ, ಇಬ್ಬರೂ ತೀರಿಕೊಂಡ ಮೇಲೆ ಸಾಲ ತೀರುವಳಿ. ಮಕ್ಕಳ ಮುನಿಸಿಗೆ ಹೆದರಿ ಇದನ್ನು ಕೇಳುವವರೇ ಕಡಿಮೆ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವುದು ನಮ್ಮಲ್ಲಿ ಹೆಚ್ಚು ನಡೆಯುವ ದಾರಿ. ಅದನ್ನು ಭೋಗ್ಯಕ್ಕೆ ಕೊಟ್ಟು ಬಂದ ಗಂಟನ್ನು ಮಗನ ಮುಂಗಡಕ್ಕೆ ಕೊಡುವುದು ಮಾತ್ರ ಅಪಾಯ. ಅವಧಿ ಮುಗಿದ ದಿನ ಅಷ್ಟೂ ಹಣ ವಾಪಸ್ ಕೊಡಬೇಕಾದವರು ಅಪ್ಪ.

ಮಾರುವುದಾದರೆ

1988ರಲ್ಲಿ 40,000ಕ್ಕೆ ಕೊಂಡ ಸೈಟು ಈಗ 1.5 ಕೋಟಿಗೆ ಹೋಗುತ್ತದೆ ಎನ್ನಿ. 2001ರ ಏಪ್ರಿಲ್ 1ರ ಬೆಲೆಯನ್ನು, ಅಂದಿನ ಸರ್ಕಾರಿ ಮಾರ್ಗಸೂಚಿ ದರ ಮೀರದಂತೆ, ಖರೀದಿ ಬೆಲೆ ಎಂದು ಹಿಡಿಯಬಹುದು. ಅದು 4 ಲಕ್ಷವಾದರೆ ಲಾಭ 146 ಲಕ್ಷ, 12.5ರಂತೆ ತೆರಿಗೆ 18.25 ಲಕ್ಷ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಹಳೆಯ ಇಂಡೆಕ್ಸೇಷನ್ ಲೆಕ್ಕವನ್ನೂ (ಬೆಲೆಏರಿಕೆಗೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿ ಹಾಕುವ ಲೆಕ್ಕ) ಆರಿಸಿಕೊಳ್ಳಬಹುದು: 2025-26ರ ಸೂಚ್ಯಂಕ 376ರಂತೆ 4 ಲಕ್ಷ 15.04 ಲಕ್ಷವಾಗುತ್ತದೆ, ಉಳಿದ 134.96 ಲಕ್ಷಕ್ಕೆ 20ರಂತೆ 27 ಲಕ್ಷ. ಇಲ್ಲಿ ಹೊಸ ಲೆಕ್ಕವೇ ಲಾಭ. 2015ರ ನಂತರ ಕೊಂಡು ಬೆಲೆ ಅಷ್ಟೇನೂ ಏರದ ಫ್ಲ್ಯಾಟಾದರೆ ಹಳೆಯದು ಗೆಲ್ಲಬಹುದು. ಎರಡನ್ನೂ ಹಾಕಿ ನೋಡಿ. ಉತ್ತರಾಧಿಕಾರದಿಂದ ಬಂದ ಮನೆಗೂ ಅಪ್ಪನ ಖರೀದಿ ದಿನ, ಅಪ್ಪನ ಖರೀದಿ ಬೆಲೆಯೇ ಲೆಕ್ಕ. ಹಳೆಯ ಕ್ರಯಪತ್ರ ಕಳೆದುಕೊಂಡವರು ಇಲ್ಲಿ ಪರದಾಡುತ್ತಾರೆ.

ತೆರಿಗೆ ಉಳಿಸಲು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಬೇಕು. ಮನೆ ಮಾರಿದವರು ಲಾಭವನ್ನು ಹಾಕಿದರೆ ಸಾಕು, ಖಾಲಿ ಸೈಟು ಮಾರಿದವರು ಬಂದ ಪೂರ್ತಿ ಹಣ ಹಾಕಬೇಕು. ಈ ವ್ಯತ್ಯಾಸ ತಿಳಿಯದೆ ಕೆಡುವವರು ಬಹಳ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಹಣ ಬಳಸದಿದ್ದರೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಿ, ಮಾಮೂಲಿ ಠೇವಣಿಯಲ್ಲಲ್ಲ.

ಪಾಲುದಾರರಲ್ಲೊಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಕೆಲಸ ಆರು ತಿಂಗಳು ಮುಂಚೆ ಶುರುವಾಗಬೇಕು. ಅವರ ಅಧಿಕಾರ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಅನಿವಾಸಿಯ ಪಾಲಿಗೆ ಕೊಳ್ಳುವವರು ಕಡಿತ ಮಾಡುವ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ), ಇಲ್ಲಿನವರಿಗಿರುವ ನೂರಕ್ಕೆ 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಸಾಮಾನ್ಯವಾಗಿ ಲಾಭದ ಮೇಲಲ್ಲದೆ ಪೂರ್ತಿ ಪಾಲಿನ ಮೇಲೆಯೇ ಹಿಡಿಯುತ್ತಾರೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿದರೆ ಇದು ತಪ್ಪುತ್ತದೆ. ಆ ಪ್ರಮಾಣಪತ್ರ ಕೈಗೆ ಬರುವ ತನಕ ನೋಂದಣಿಯ ದಿನ ಗೊತ್ತುಮಾಡಬೇಡಿ. ಹಿಡಿದ ಹಣ ವಾಪಸ್ ಬರಬೇಕಾದರೆ ಆ ವರ್ಷದ ರಿಟರ್ನ್ಸ್ ಸಲ್ಲಿಸಿ ಕಾಯಬೇಕು.